ಬೆಳ್ಳಕ್ಕಿ ಬಂದಾವ

ಕಾಶಿರಾಮ ಮಾಸ್ತರರಿಗೆ ಅವರ ಗಂಟಲೇ ಶತ್ರು. ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದ ಆ ಗಂಟಲು ಫೋನಿನಲ್ಲೂ ಕೊನೆಯ ಬೆಂಚಿನವರೆಗೆ ಕೇಳಿಸುವಂತೆ ಮಾತಾಡುತ್ತಿತ್ತು.

ಅವತ್ತು ಬೆಳಿಗ್ಗೆ ತಾಂಡೂರಿನ ಹೊರಗೆ, ಕಲ್ಲು ಕೊಯ್ದ ಕೆಸರುನೀರು ನಿಂತ ಹಳೇ ಹೊಂಡದಲ್ಲಿ ಅವರು ಒಂದು ರಾಜಹಂಸವನ್ನು ಕಂಡಿದ್ದರು. ಗುಲಾಬಿ ರೆಕ್ಕೆ, ಕೋಲಿನಂಥ ಕಾಲು. ಕೊಕ್ಕನ್ನು ತಲೆಕೆಳಗು ಮಾಡಿ ಕೆಸರು ಸೋಸಿ ತಿನ್ನುತ್ತಿತ್ತು. ಕಡಲಂಚಿನ ಉಪ್ಪುನೀರು ಬಿಟ್ಟು ಈ ಕಲ್ಲುಪುಡಿಯ ಊರಿಗೆ ಯಾಕೆ ಬಂತೋ, ಅದರ ಹಣೆಬರಹ. ಹಿಂದೊಮ್ಮೆ ನಾಯಿಯನ್ನು ಕಂಡು ಚಿರತೆಯೆಂದು ವರದಿ ಕೊಟ್ಟಾಗಿನಿಂದ ಊರು ಅವರನ್ನು ‘ಚಿರತಿ ಮಾಸ್ತರ’ ಎನ್ನುತ್ತಿತ್ತು. ಬರುವ ತಿಂಗಳು ನಿವೃತ್ತಿ. ಆ ಹೆಸರು ಹೊತ್ತುಕೊಂಡೇ ಮನೆಗೆ ಹೋಗಲು ಅವರಿಗೆ ಮನಸ್ಸಿರಲಿಲ್ಲ.

ಹಕ್ಕಿಗಣತಿಯ ಅಧಿಕಾರಿ ಶಿರೀಷಾ ಮೇಡಂ ಫೋನಿನಲ್ಲಿ ಅನುಮಾನಪಟ್ಟರು. ಮಾಸ್ತರರು ಕೂಗಿದರು: “ರಾಜಹಂಸನೇ ಅದರಿ. ಬಗಲಾಗ ಬೆಳ್ಳಕ್ಕಿನೂ ಬಂದಾವ. ನಾಲ್ಕಕ್ಕ ಹೊಂಡದ ಕಡಿ ಬರ್ರಿ.”

ಗೋಡೆಯಾಚೆ ಪಾತ್ರೆ ತಿಕ್ಕುತ್ತಿದ್ದ ಲಕ್ಷ್ಮಿಬಾಯಿಗೆ ಕೇಳಿಸಿದ್ದು ‘ಬಿಳೇ ಅಕ್ಕಿ ಬಂದಾವ’. ರೇಷನ್ ಅಂಗಡಿ ನಾಲ್ಕು ದಿನದಿಂದ ಮುಚ್ಚಿತ್ತು.

ನಾಲ್ಕಕ್ಕೆ ಮೇಡಮ್ಮನ್ನು ಕರೆದುಕೊಂಡು ಹೋದರೆ, ಓಣಿಗೆ ಓಣಿಯೇ ಹೊಂಡದ ದಂಡೆಯಲ್ಲಿ ಚೀಲ ಕೊಡವುತ್ತ ಸಾಲು ನಿಂತಿತ್ತು. ಹಕ್ಕಿಗಳು ಎಂದೋ ಹಾರಿಹೋಗಿದ್ದವು. ಅಕ್ಕಿಯ ಲಾರಿ ಎಲ್ಲಿ ಎಂದು ಜನ ಮೇಡಮ್ಮನ್ನೇ ಮುತ್ತಿಕೊಂಡರು. ಮಾಸ್ತರರು ಬೆಳ್ಳಕ್ಕಿಯ ವಿಷಯ ಬಿಡಿಸಿ ಹೇಳಿದಷ್ಟೂ ನಗು ಹೆಚ್ಚಿತು. ಲಕ್ಷ್ಮಿಬಾಯಿಯೊಬ್ಬಳು ಮಾತ್ರ, ಅಕ್ಕಿ ಬಂದಾಗ ತಿಳಿಸಿ ಎಂದು ಮೇಡಮ್ಮಿನ ನಂಬರು ಇಸಿದುಕೊಂಡಳು. ಮೇಡಂ ಗಣತಿ ಪುಸ್ತಕ ಮುಚ್ಚಿ ಸ್ಟೇಷನ್ನಿನ ದಾರಿ ಹಿಡಿದರು.

ಸಂಜೆ ಮಾಸ್ತರರು ಕಾಲೆಳೆಯುತ್ತ ಮನೆಗೆ ಬಂದರು. ಲಕ್ಷ್ಮಿಬಾಯಿಯ ಹಿತ್ತಲಿನ ಬಚ್ಚಲ ಗುಂಡಿಯಲ್ಲಿ ಅದೇ ರಾಜಹಂಸ, ಕೊಕ್ಕು ತಲೆಕೆಳಗು ಮಾಡಿ ಮುಸುರೆ ಸೋಸುತ್ತಿತ್ತು. ಕಟ್ಟೆಗಳ ಮೇಲೆ ಖಾಲಿ ಚೀಲ ಮಡಚಿಕೊಂಡು ಕೂತ ಜನ ಅವರನ್ನೇ ನೋಡುತ್ತಿದ್ದರು.

“ಮಾಸ್ತರ್ರಿ, ಇದ್ಯಾವ ಹಕ್ಕಿರಿ?” ಲಕ್ಷ್ಮಿಬಾಯಿ ಕೇಳಿದಳು.

ಇನ್ನೊಂದು ಹೆಸರು ಇಡಿಸಿಕೊಳ್ಳುವ ತ್ರಾಣ ಅವರಲ್ಲಿ ಉಳಿದಿರಲಿಲ್ಲ.

“ಬಾತುಕೋಳಿ,” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಗಂಟೆಯೊಳಗೆ ಗೋಡೆಯಾಚೆಯಿಂದ ಲಕ್ಷ್ಮಿಬಾಯಿಯ ದನಿ ಬಂತು.

“ಮಾಸ್ತರ್ರಿ, ಮೇಡಮ್ಮಗ ಫೋಟೋ ಕಳಸಿದ್ದೆ. ಅದು ರಾಜಹಂಸಂತ, ಗಣತಿ ಪುಸ್ತಕದಾಗ ನನ್ನ ಹೆಸರು ಬರಕೊಂಡಾರ. ನಿಮ್ದೂ ಇರ್ಲಿ ಅಂತ, ನಮ್ಮ ಸೈನ್ಸ್ ಮಾಸ್ತರು ಬಾತುಕೋಳಿ ಅಂದಾರಂತ ಹೇಳೀನಿ. ಅದನ್ನೂ ಬರಕೊಂಡಾರರಿ.”