ವಿಲ್ಗಾರಿಯ ಎರಡು ಚುಕ್ಕಿಗಳು

ಒಂದು ಊರಿಗೆ ಎರಡು ಚುಕ್ಕಿ ಬಿದ್ದದ್ದೇ ಎಲ್ಲಕ್ಕೂ ಮೂಲ.

ವಿಲ್ಗಾರಿ ಎಂದರೆ ಹೊಳೆಯ ಉತ್ತರ ದಡದಲ್ಲಿ ಕೆಂಪು ಮಣ್ಣಿನ ನಡುವೆ ಹರಡಿದ ಒಂದಿಷ್ಟು ಮನೆ, ಒಂದು ಅಂಗಡಿ, ಒಂದು ತಗಡಿನ ಪ್ರಾರ್ಥನಾ ಮಂದಿರ, ದೇವರಿಗೆ ಮಾತ್ರ ಲೆಕ್ಕ ಗೊತ್ತಿರುವಷ್ಟು ನಾಯಿಗಳು. ಸರ್ಕಾರದ ನಕ್ಷೆಯಲ್ಲಿ ಮಾತ್ರ ಅದೇ ಹೆಸರಿಗೆ ಎರಡು ಚುಕ್ಕಿಗಳಿದ್ದವು, ಒಂದರ ಕೆಳಗೊಂದು. ಅವು ಬಹಳ ಕಾಲದಿಂದ ಹಾಗೇ ಇದ್ದವು. ಯಾರ ಗಂಟಲಿಗೂ ಸಿಕ್ಕಿಕೊಂಡಿರಲಿಲ್ಲ. ಆ ಬೆಳಿಗ್ಗೆ ಪಟ್ಟಣದ ವಸತಿ ಕಚೇರಿಯಿಂದ ಸೆಲ್ವಿನ್‌ಗೆ ಫೋನ್ ಬಂತು.

“ನಿಮಗೆ ಮಂಜೂರಾದ ಸಿದ್ಧ ಮನೆ ಲಾರಿ ಹತ್ತಿದೆ,” ಎಂದಳು ಕಚೇರಿಯ ಹೆಂಗಸು. “ಆದ್ರೆ ನಕ್ಷೇಲಿ ನಿಮ್ಮೂರು ಎರಡು ಕಡೆ ಕಾಣ್ತಿದೆ. ಯಾವುದು ಸರಿ ಅಂತ ಮಧ್ಯಾಹ್ನದೊಳಗೆ ಗುರುತು ಹಾಕಿ ಕಳಿಸಿ. ಇನ್ನೊಂದನ್ನ ಅಳಿಸಿಬಿಡ್ತೀವಿ. ಉತ್ತರ ಬರಲಿಲ್ಲ ಅಂದ್ರೆ ಮನೆ ಬೇರೆ ಊರಿಗೆ ಹೋಗುತ್ತೆ.”

ಸೆಲ್ವಿನ್ ಅಂಗಡಿಯ ಗೋಡೆಗೆ ಒರಗಿಕೊಂಡ. ಅವನೂ ಹೆಂಡತಿ ಮಾರ್ಲೀನಳೂ ಮಕ್ಕಳೂ ದೊಡ್ಡಪ್ಪ ಹೆರಾಲ್ಡನ ಜಗಲಿಯಲ್ಲಿ ಮಲಗುತ್ತಿದ್ದರು. ಜಗಲಿ ಬೀದಿಗೆ ಮುಖಮಾಡಿತ್ತು. ಆ ಬೀದಿಯಲ್ಲೇ ಅವನ ಅತ್ತೆ ಟಿಲ್ಲಿ ಅಜ್ಜಿ ಅಂಗಡಿಗೆ ಹೋಗಿಬರುತ್ತಿದ್ದಳು. ಅಳಿಯನಾದವನು ಅತ್ತೆಯ ಮುಖ ನೋಡಬಾರದು, ಮಾತಾಡಿಸಬಾರದು, ಹೆಸರೆತ್ತಬಾರದು. ಅಲ್ಲಿನ ಮರ್ಯಾದೆ ಅದು. ಮೀರುವ ಯೋಚನೆ ಸೆಲ್ವಿನ್‌ಗೆ ಕನಸಿನಲ್ಲೂ ಬಂದಿರಲಿಲ್ಲ. ಅಜ್ಜಿಗೆ ಚಹಾಪುಡಿ ತೀರಿದರೂ ಇವನು ನೀರಿನ ಟ್ಯಾಂಕಿನ ಹಿಂದೆ ಉಡದ ಹಾಗೆ ಸರಿದುಕೊಳ್ಳಬೇಕಿತ್ತು. ನಾಲ್ಕು ಗೋಡೆ, ಮುಚ್ಚಿಕೊಳ್ಳುವ ಒಂದು ಬಾಗಿಲು: ಭಾನುವಾರದ ಪ್ರಾರ್ಥನೆಯಲ್ಲಿ ಅವನು ದೇವರನ್ನು ಬೇರೇನನ್ನೂ ಕೇಳಿದ್ದಿಲ್ಲ.

ಕಚೇರಿ ಕಳಿಸಿದ ನಕ್ಷೆಯನ್ನು ಅವನು ಟ್ಯಾಬ್ಲೆಟ್ಟಿನಲ್ಲಿ ತೆರೆದ. ಹೊಳೆಯಿಲ್ಲ, ಗುಡ್ಡವಿಲ್ಲ, ದಾರಿಯಿಲ್ಲ. ಬಿಳಿ ಗೋಡೆಯ ಮೇಲೆ ಎರಡು ನೊಣ ಕೂತಂತೆ ಎರಡು ಚುಕ್ಕಿಗಳು, ಮೂಲೆಯಲ್ಲಿ ಉತ್ತರ ತೋರುವ ಒಂದು ಬಾಣದ ಗುರುತು.

“ಯಾವುದಾದ್ರೂ ಒಂದನ್ನ ಒತ್ತಿ ಕಳಿಸೋ,” ಎಂದ ಹೆರಾಲ್ಡ್.

“ನೀನು ಒತ್ತು ದೊಡ್ಡಪ್ಪ.”

ಹೆರಾಲ್ಡ್ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಇಬ್ಬರೂ ದೂರದ ನದಿಯ ಸೀಮೆಯಿಂದ ಮದುವೆಯಾಗಿ ಬಂದವರು. ಇನ್ನೊಬ್ಬರ ನೆಲದಲ್ಲಿ ನಿಂತು ಇದು ಇಂಥ ಜಾಗ, ಅದು ಅಂಥ ಜಾಗ ಎಂದು ಬೆರಳು ತೋರಿಸುವುದು, ಹೆಂಡತಿಯ ತವರಿನ ಅಡುಗೆಮನೆಗೆ ನುಗ್ಗಿ ಪಾತ್ರೆಗಳ ಮುಚ್ಚಳ ತೆಗೆದ ಹಾಗೆ. ಆ ನೆಲದವರೇ ಹೇಳಬೇಕು. ಹೇಳಬಲ್ಲ ಹಿರಿಯರೆಲ್ಲ ಪಕ್ಕದೂರಿನ ಸಾವಿಗೆ ಹೋಗಿದ್ದರು, ಮಾರ್ಲೀನಳೂ ಹೋಗಿದ್ದಳು. ಕಾಲುನೋವೆಂದು ಊರಲ್ಲಿ ಉಳಿದ ಹಿರಿಯಳು ಒಬ್ಬಳೇ.

“ಯಾರು ಅಂತ ನಾನು ಹೇಳೋ ಹಾಗಿಲ್ಲ,” ಎಂದ ಸೆಲ್ವಿನ್.

“ಗೊತ್ತಾಯ್ತು ಬಿಡು ತಮ್ಮಾ, ಮುಖ ನೋಡಿದ್ರೇ ಗೊತ್ತಾಗುತ್ತೆ,” ಎಂದು ಅಂಗಡಿಯ ಬರ್ನೀಸ್ ಕೌಂಟರಿನಿಂದ ಹೊರಬಂದಳು. ಬೇರೆಯವರ ಕೆಲಸವೆಂದರೆ ಅವಳಿಗೆ ಅಂಗಡಿ ಮುಚ್ಚುವಷ್ಟು ಪ್ರೀತಿ.

ಮಂದಿರದ ಬಯಲಿನಲ್ಲಿ ಹಗ್ಗ ಕಟ್ಟಿ ಅದರ ಮೇಲೆ ಕಂಬಳಿ ಹರಡಿದರು. ಕಂಬಳಿಯ ಆಚೆ ಟಿಲ್ಲಿ ಅಜ್ಜಿ ದಕ್ಷಿಣಕ್ಕೆ ಮುಖಮಾಡಿ, ತನ್ನ ನಾಯಿ ಸಾರ್ಜೆಂಟನ ಜೊತೆ ಕೂತಳು. ಈಚೆ ಸೆಲ್ವಿನ್ ಉತ್ತರಕ್ಕೆ ಮುಖಮಾಡಿ ಒಂದು ಮರದ ಮುಂದೆ ಕೂತ. ಊರಲ್ಲಿ ಉಳಿದವರೆಲ್ಲ ನೆರಳು ಹುಡುಕಿಕೊಂಡು ಸೇರಿದರು.

ಸೆಲ್ವಿನ್ ಮರಕ್ಕೆ ಹೇಳಿದ: “ಎರಡು ಚುಕ್ಕೀಲಿ ನಮ್ಮೂರು ಯಾವುದು ಅಂತ ತಿಳಿದೋರು ಹೇಳಿದ್ರೆ ಉಪಕಾರ ಆಗುತ್ತೆ.”

“ಸಾರ್ಜೆಂಟ್, ಕೇಳಿದ್ಯಾ,” ಎಂದಳು ಅಜ್ಜಿ ನಾಯಿಗೆ. “ಇಷ್ಟು ವರ್ಷ ಇಲ್ಲೇ ಉಂಡು ಮಲಗಿದ್ದಾರೆ. ಊರೆಲ್ಲಿದೆ ಅಂತ ಇವತ್ತು ಕೇಳ್ತಿದ್ದಾರೆ.”

ಬರ್ನೀಸ್ ಟ್ಯಾಬ್ಲೆಟ್ಟನ್ನು ಅಜ್ಜಿಯ ಮುಂದೆ ನೆಲದ ಮೇಲಿಟ್ಟಳು. ಅಜ್ಜಿ ಅದನ್ನೊಮ್ಮೆ ನೋಡಿ ನಾಲಿಗೆ ಲೊಚಗುಟ್ಟಿದಳು.

“ಯಾರೇ ಈ ನೆಲಾನ ತಲೆಕೆಳಗಾಗಿ ಮಲಗಿಸಿದ್ದು?” ಎಂದು ಅದನ್ನು ಅರ್ಧ ಸುತ್ತು ತಿರುಗಿಸಿ, ನಿಜವಾದ ಉತ್ತರಕ್ಕೆ ನಕ್ಷೆಯ ಉತ್ತರವೂ ನಿಜವಾದ ದಕ್ಷಿಣಕ್ಕೆ ಅದರ ದಕ್ಷಿಣವೂ ಬರುವಂತೆ ಇಟ್ಟಳು. ಭೂಮಿಯನ್ನು ಮಾಡಿದ ದೇವರು ಉತ್ತರವೇ ಮೇಲಿರಲಿ ಎಂದು ಎಲ್ಲಿಯೂ ಅಪ್ಪಣೆ ಕೊಟ್ಟಂತಿಲ್ಲವಲ್ಲ. ಆಮೇಲೆ ಕೋಲಿನಿಂದ ಒಂದು ಚುಕ್ಕಿಯನ್ನು ಮುಟ್ಟಿದಳು. “ನನ್ನ ಮೊಣಕಾಲ ಹತ್ರ ಇರೋದು ಊರು. ಹೋಗಿ ಅಷ್ಟನ್ನೇ ಹೇಳು.”

ಬರ್ನೀಸ್ ಕಂಬಳಿ ಸುತ್ತಿಕೊಂಡು ಬಂದು, ಅಕ್ಷರ ನೆಟ್ಟಗೆ ಕಾಣುವಂತೆ ಟ್ಯಾಬ್ಲೆಟ್ಟನ್ನು ಸೆಲ್ವಿನ್‌ನ ಮುಂದೆ ನೆಲದ ಮೇಲಿಟ್ಟಳು.

“ಮೊಣಕಾಲ ಹತ್ರದ್ದು ಊರಂತೆ. ದೂರದ್ದನ್ನ ಅಳಿಸು.”

ಸೆಲ್ವಿನ್ ತನ್ನ ಮೊಣಕಾಲ ಹತ್ತಿರದ ಚುಕ್ಕಿಯನ್ನು ಉಳಿಸಿ, ದೂರದ್ದನ್ನು ಅಳಿಸಿ, ಕಳಿಸಿದ. ದೇವರಿಗೊಂದು ವಂದನೆ ಹೇಳಿ ಸಿಹಿ ಚಹಾ ಕುಡಿದ.

ಊಟದ ಹೊತ್ತಿಗೆ ಬ್ರೆಡ್ಡಿನ ಗಾಡಿ ಬರಲಿಲ್ಲ. ಬರ್ನೀಸ್ ಚಾಲಕನಿಗೆ ಫೋನ್ ಮಾಡಿದಳು. ಮಾತು ಮುಗಿಸಿ, ಸುದ್ದಿಯನ್ನು ನುಂಗಲಾರದೆ ನಿಂತಳು.

“ನಾವು ಇಲ್ವಂತೆ,” ಎಂದಳು.

“ಎಲ್ಲಿ ಇಲ್ವಂತೆ?” ಎಂದ ಹೆರಾಲ್ಡ್.

“ಎಲ್ಲೂ ಇಲ್ವಂತೆ. ಅವನ ಫೋನಿನ ನಕ್ಷೇಲಿ ಈ ಊರು ಅಳಿಸಿಹೋಗಿದೆಯಂತೆ. ದಾರೀಲಿ ಏನೋ ತಪ್ಪಾಗಿದೆ ಅಂತ ವಾಪಸ್ ಹೊರಟಿದ್ದಾನೆ.”

ಒಬ್ಬಾತ ತನ್ನ ಮೊಣಕೈಯನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡ.

ಸೆಲ್ವಿನ್ ಕಚೇರಿಗೆ ಫೋನ್ ಹಚ್ಚಿದ. “ಅಮ್ಮಾ, ತಪ್ಪು ಚುಕ್ಕಿ ಹೋಗಿಬಿಟ್ಟಿದೆ. ನಾನು ವಿಲ್ಗಾರಿಯಿಂದ ಮಾತಾಡ್ತಿದ್ದೀನಿ.”

“ಹಾಗಾದ್ರೆ ನೀವು ಹೊಳೆಯ ದಕ್ಷಿಣದಲ್ಲಿದ್ದೀರಿ.”

“ಇಲ್ಲ, ಉತ್ತರದಲ್ಲಿದ್ದೀನಿ.”

“ಉತ್ತರದಲ್ಲಿ ಊರೇ ಇಲ್ಲವಲ್ಲ,” ಎಂದಳು ಅವಳು ಸಮಾಧಾನದಿಂದ. “ಲಾರಿಗೆ ದಾರಿ ಹೇಳಿ ಆಯ್ತು. ಅಲ್ಲಿ ಸಿಗ್ನಲ್ ಸಿಗಲ್ಲ, ತಡೆಯೋಕಾಗಲ್ಲ.”

ಹೊಳೆಯ ದಕ್ಷಿಣ ಎಂಬ ಮಾತು ಕಿವಿಗೆ ಬಿದ್ದದ್ದೇ ಬರ್ನೀಸ್ ಹೆಂಗಸರನ್ನು ಕರೆಯಲು ಓಡಿದಳು. ಹೊಳೆಯಾಚೆ ಇದ್ದದ್ದು ಹೆಂಗಸರು ಮಾತ್ರ ಸೇರಿ ಆಚರಣೆ ಮಾಡುವ ಜಾಗ. ಗಂಡಸರು ಅಲ್ಲಿಗೆ ಹೋಗುವುದಿಲ್ಲ, ಆ ಕಡೆ ಕಣ್ಣೂ ಹಾಯಿಸುವುದಿಲ್ಲ. ಅಷ್ಟರಲ್ಲಿ ದಕ್ಷಿಣದಲ್ಲಿ ಧೂಳೆದ್ದಿತು. ಧೂಳಿನ ನಡುವೆ ನೀಲಿ ತಗಡಿನ ಸೂರು, ಕಿಟಕಿ, ಬಾಗಿಲು, ಇಡೀ ಮನೆಯೊಂದು ಮದುವಣಗಿತ್ತಿಯ ಹಾಗೆ ನಿಧಾನವಾಗಿ ಸಾಗುತ್ತಿತ್ತು. ಸೆಲ್ವಿನ್ ಓಡಿದ. ಹೊಳೆಯ ದಂಡೆಗೆ ಬಂದವನು ಕಣ್ಣು ಮುಚ್ಚಿಕೊಂಡು ಬೆನ್ನು ತಿರುಗಿಸಿ ನಿಂತ.

ಹೆರಾಲ್ಡ್ ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ಅದೇ ರೀತಿ ನಿಂತ. “ಲಾರಿ ಓಡಿಸ್ತಿರೋನು ಗಂಡಸಾಗಿದ್ರೆ, ಅವನನ್ನ ಅಲ್ಲಿಗೆ ಕಳಿಸಿದೋನು ನೀನು. ಹಿರಿಯರು ವಾಪಸ್ ಬಂದ ಮೇಲೆ ನಿನ್ನನ್ನ ಏನು ಮಾಡ್ತಾರೋ.”

ಹೆಂಗಸರು ಹಳೆಯ ಟೊಯೋಟಾದಲ್ಲಿ ಅಜ್ಜಿಯನ್ನು ಕೂರಿಸಿಕೊಂಡು ಹೊಳೆ ದಾಟಿದರು. ಬಹಳ ಹೊತ್ತಿನ ಮೇಲೆ ಆಚೆಯಿಂದ ನಗು ಕೇಳಿಸಿತು. ಸೆಲ್ವಿನ್‌ಗೆ ಬೈಗುಳಕ್ಕಿಂತ ಆ ನಗುವೇ ಹೆಚ್ಚು ದಿಗಿಲು ಹುಟ್ಟಿಸಿತು.

ಹೊತ್ತು ಇಳಿಯುವಾಗ ಬರ್ನೀಸ್ ಬಂದಳು. “ಉಸಿರಾಡು ತಮ್ಮಾ. ಲಾರಿಯೋಳು ಹೆಂಗಸು, ಕ್ರೇನಿನೋಳೂ ಹೆಂಗಸು. ತಾಯಿ ಮಗಳು.”

“ದೇವರು ದೊಡ್ಡೋನು. ಮನೆ?”

“ಇಳಿಸಿ, ನೆಟ್ಟು, ಬಿಗಿದಾಗಿದೆ. ಮತ್ತೆ ಎತ್ತೋಕೆ ಅವರಿಗೆ ಅಪ್ಪಣೆ ಇಲ್ವಂತೆ. ಮನೆ ನಿನ್ನ ಹೆಸರಲ್ಲೇ ಇದೆ. ನಿನಗೆ ಇನ್ನೊಂದು ಸಿಗಲ್ಲ.” ಅವನ ಅಂಗೈಯಲ್ಲಿ ಬೀಗದ ಕೈ ಇಟ್ಟಳು.

ಅವನು ಮಂದಿರದ ಬಯಲಿಗೆ ವಾಪಸ್ ಬಂದಾಗ ಹಗ್ಗದ ಮೇಲಿನ ಕಂಬಳಿ ಇನ್ನೂ ಹಾಗೇ ಇತ್ತು. ಅದರ ಆಚೆಯಿಂದ ಅಜ್ಜಿಯ ದನಿ ಬಂತು.

“ಸಾರ್ಜೆಂಟ್, ಹೆಂಗಸರಿಗೆ ಅಲ್ಲೊಂದು ಸೂರು ಬೇಕು ಅಂತ ನಾವು ಕೇಳಿದಾಗೆಲ್ಲ ಕಚೇರಿಯೋರು ಏನಂದ್ರು? ಆ ಚುಕ್ಕಿ ತಪ್ಪಾಗಿ ಬಿದ್ದಿದ್ದು, ಅಲ್ಲಿ ಯಾರೂ ಇಲ್ಲ ಅಂದ್ರು. ಈಗ ನೋಡು, ಅದೇ ಊರು.”

ಸೆಲ್ವಿನ್ ಮರವನ್ನು ಹಿಡಿದುಕೊಂಡ. “ಮರವೇ, ಮೊಣಕಾಲ ಹತ್ರದ್ದು ಅಂತ ಹೇಳಿದ್ರಲ್ಲಾ.”

“ಸುಳ್ಳು ಹೇಳಿಲ್ವಲ್ಲ ಸಾರ್ಜೆಂಟ್. ನಮ್ಮ ಮೊಣಕಾಲ ಹತ್ರ ಊರೇ ಇತ್ತು.” ಅಜ್ಜಿ ಸ್ವಲ್ಪ ಕೆಮ್ಮಿದಳು. “ಈ ನೆಲ ನಮ್ಮದು ಅಂತ ಮೊಕದ್ದಮೆ ನಡೆದಾಗ ವಕೀಲರ ಜೊತೆ ಕೂತು ಈ ಸೀಮೆಯ ನಕ್ಷೆ ಬರೆಸಿದ್ದು ಯಾರು? ಆ ಬಾಣದ ಗುರುತು ಯಾವ ಕಡೆಗೆ ಅಂತ ನಮಗೆ ಗೊತ್ತಿಲ್ವಾ? ಓದೋರು ಹೇಗೆ ಹಿಡ್ಕೊಂಡು ಓದ್ತಾರೆ ಅನ್ನೋದೂ ಗೊತ್ತು.”

ನೆರಳಿನಲ್ಲಿದ್ದವರೆಲ್ಲ ಬಾಯಿಗೆ ಕೈ ಇಟ್ಟುಕೊಂಡರು.

ಆಗ ಸಾವಿನ ಊರಿಂದ ಮಾರ್ಲೀನ್ ಬಂದಿಳಿದಳು. ಸುದ್ದಿಯನ್ನೆಲ್ಲ ಕೇಳಿ, ಒಂದು ಗಳಿಗೆ ಗಂಡನನ್ನೂ ಒಂದು ಗಳಿಗೆ ಹೊಳೆಯ ಕಡೆಯನ್ನೂ ನೋಡಿದಳು. ಆಮೇಲೆ ಜಗಲಿ ಹತ್ತಿ ಹಾಸಿಗೆ ಸುತ್ತತೊಡಗಿದಳು.

“ಎಲ್ಲಿಗೆ ಹೊರಟೆ?” ಎಂದ ಸೆಲ್ವಿನ್.

“ಮನೆಗೆ ಕಣೋ,” ಎಂದು ಅವಳು ಕೈ ಚಾಚಿದಳು. “ಬೀಗದ ಕೈ ಕೊಡು. ಒಳಗೆ ಹೇಗಿದೆ ಅಂತ ನಾಳೆ ಬಂದು ಹೇಳ್ತೀನಿ.”