ಲಿಂಬಿ ವಾಸ್ನಿ ಪುಂಡಿ

ಹೆಂಡ್ತಿ ತವರಿಗೆ ಹೋಗಿ ಕುಂತ್ರ ಮನಿ ಎಷ್ಟ್ ದೊಡ್ಡದಾಗ್ತೈತಿ ಅಂತ ಯಾರೂ ಮೊದಲ ಹೇಳೂದಿಲ್ರಿ. ಗಂಗಾವತ್ಯಾಗ ನಮ್ದು ಎರಡ ಖೋಲಿ ಬಾಡಿಗಿ ಮನಿ. ಶಿವಲೀಲಾ ಹ್ವಾದ ಮ್ಯಾಲ ಅದ ಅರಮನಿ ಆತು, ನಾ ಅದರಾಗ ಒಂದು ಹಲ್ಲಿ. (ಹಲ್ಲಿಗರ ಲೊಚಗುಟ್ಟಾಕ ಜೋಡಿ ಇರ್ತೈತಿ.)

ಆಕಿ ಹೋಗಿದ್ದು ನನ್ನ ಗಾಂಜಾ ಸಲುವಾಗಿ. "ಅದನ್ನ ಬಿಟ್ಟ ದಿನ ಬರ್ತೀನ್ರಿ" ಅಂತ ಹನುಮಸಾಗರದ ಬಸ್ ಹತ್ತಿದ್ಲು. ನಾ ಎಲ್ಲಿ ಬಿಡ್ಲಿ. ಸಣಾಪುರಕ್ಕ ಬಂದಿದ್ದ ಬಿಳಿ ಮನಶ್ಯಾ ಒಬ್ಬಾಂವ ಕೊಟ್ಟ ಬೀಜ ಎಣ್ಣಿ ಡಬ್ಬ್ಯಾಗ ಊರಿ ಮಾಳಿಗಿ ಮ್ಯಾಲ ಇಟ್ಟೆ. ಏನ್ ತಳಿ ಅಂತೀರಿ ಅದು. ಎಲಿ ತಿಕ್ಕಿದ್ರ ಲಿಂಬಿಹಣ್ಣ ಹೆಚ್ಚಿದಂಗ ವಾಸ್ನಿ. ಸಂಜಿಗೆ ಗಿಡದ ಮಗ್ಗಲಕ ಕುಂತು "ಉಂಡೇನವಾ?" ಅಂತ ಕೇಳತಿದ್ದೆ. ಕೇಳಾಕ ಮನ್ಯಾಗ ಬ್ಯಾರೆ ಯಾರಿದ್ರು.

ಒಂದಿನ ಆಕಿ ಫೋನ್ ಮಾಡಿದ್ಲು.

"ಬಿಟ್ಟಿರೇನು?"

"ಬಿಟ್ಟ್ ಭಾಳ ದಿನಾತು. ಈಗ ಮಾಳಿಗಿ ಮ್ಯಾಲ ಪುಂಡಿ ಸೊಪ್ಪು ಬೆಳೀತೀನಿ." (ಎರಡರ ಎಲೀನೂ ಒಂದ ನಮೂನಿ ನೋಡ್ರಿ. ಸುಳ್ಳು ಹೇಳಿದ್ರೂ ಹೊಂದೂವಂಗ ಹೇಳ್ಬೇಕು.)

ಮಂಗಳವಾರ ಕೆಲಸ ಮುಗಿಸಿ ಬಂದ್ರ ಮನಿ ಬಾಗಲಾ ತೆರದಿತ್ತು. ಒಳಗ ಶಿವಲೀಲಾ, ಆಕಿ ಅವ್ವ ಕಸ್ತೂರೆಮ್ಮ ಉಣಾಕ ಕುಂತಿದ್ರು. ಬುಟ್ಟ್ಯಾಗ ರೊಟ್ಟಿ, ಒಲಿ ಮ್ಯಾಲ ಪಲ್ಲೆ. ಖುಷಿಗೆ ಕಣ್ಣಾಗ ನೀರ ಬಂದ್ವು. ಆಮ್ಯಾಲ ಮೂಗಿಗೆ ಲಿಂಬಿ ವಾಸ್ನಿ ಬಂತು.

"ಅಳಿಯಾರ, ನಿಮ್ಮ ಪುಂಡಿ ಹುಳಿ ಕಡಿಮಿ, ವಾಸ್ನಿ ಜಾಸ್ತಿ," ಅಂದ್ಲು ಅತ್ತಿ, ಗಂಗಾಳ ನೆಕ್ಕೋತ.

ಖರೆ ಹೇಳಿದ್ರ ಹೆಂಡ್ತಿ ಮತ್ತ ಹೋಗ್ತಾಳ. "ಅತ್ತಿ, ಅದಕ್ಕ ಔಷಧಿ ಹೊಡದೀನ್ರಿ."

"ಮೂರ್ ನೀರಾಗ ತೊಳದೀನಿ. ನೀವೂ ಉಣ್ರಿ."

ಉಂಡ್ರ ಕಣ್ಣ ಕೆಂಪಾಗಿ ಸಿಕ್ಕ ಬೀಳತಿದ್ದೆ. "ಹುಲಿಗೆಮ್ಮನ ವಾರ, ಉಪಾಸ ಅದೀನ್ರಿ."

ಅರ್ಧಾ ತಾಸಿಗೆ ಶುರು ಆತು. ಮದಿವ್ಯಾಗೂ ನಗದಿದ್ದ ಅತ್ತಿ ನನ್ನ ಮಾರಿ ನೋಡಿ ನಗಾಕ ಹತ್ತಿದ್ಲು. ಶಿವಲೀಲಾ ಅವ್ವನ ತೊಡಿ ಮ್ಯಾಲ ಬಿದ್ದು ಬಿದ್ದು ನಕ್ಕಳು.

"ಏನಾತಲೇ?"

"ನಿಮ್ಮ ಮೀಸಿ," ಅಂದ್ಲು. ಮತ್ತ ನಕ್ರು.

ತುಂಬಿದ ಮನ್ಯಾಗ ಹಸಗೊಂಡು, ಶುದ್ಧ ಎಚ್ಚರದಾಗ, ಗ್ವಾಡಿಗೆ ಆತಗೊಂಡು ಕುಂತಾಂವ ನಾ ಒಬ್ಬಾಂವ.

ಮುಂಜಾನೆ ಅತ್ತಿ ಡಬ್ಬಿ ಸಮೇತ ಗಿಡ ಹೊತಗೊಂಡು ನಿಂತಿದ್ಲು. ಶಿವಲೀಲಾನ ಕೈಯಾಗ ಚೀಲ.

"ನೀ ಎಲ್ಲಿಗೆ?"

"ಊರಿಗ್ರಿ. ಅವ್ವ ಇಂಥಾ ನಿದ್ದಿ ಎಂದೂ ಕಂಡಿಲ್ಲಂತ, ಗಿಡ ಹಿತ್ತಲದಾಗ ಹಚ್ಚಬೇಕಂತ. ಆಕಿಗೆ ಮಣಕಾಲ ನೋವು, ನೀರು ಯಾರ್ ಹಾಕ್ತಾರ?"

"ಬರೂದು ಯಾವಾಗ?"

"ಪುಂಡಿ ತೀರಿದ ಮ್ಯಾಲ."

ಮಾಳಿಗಿ ಮ್ಯಾಲ ಡಬ್ಬಿ ಇದ್ದಲ್ಲಿ ಚೌಕಾಗಿ ಹಸಿ ಗುರ್ತ ಉಳದಿತ್ತು. ಮಗ್ಗಲಕ ಕುಂತು ತಂಗಳ ರೊಟ್ಟಿಗೆ ಉಪ್ಪಿನಕಾಯಿ ಹಚಗೊಂಡು ತಿಂದೆ. ಉಪ್ಪಿನಕಾಯಿನೂ ಲಿಂಬಿದ.

"ಉಂಡೇನವಾ?" ಅಂದೆ, ರೂಢಿ ನೋಡ್ರಿ.