ಷರತ್ತಿಲ್ಲದ ಗುಳ್ಳ

ಸಾರ್ವತ್ರಿಕ ಮೂಲ ಆದಾಯದ ಬಗ್ಗೆ ದೇಶದಲ್ಲಿ ನಡೆಯುತ್ತಿರುವ ಚರ್ಚೆಯನ್ನು ಕಾಪುವಿನ ನಮ್ಮ ಫ್ಲಾಟಿನ ಮೆಟ್ಟಿಲ ಮೇಲೆಯೇ ಇತ್ಯರ್ಥ ಮಾಡಿಬಿಡಬಹುದು ಎಂದು ನನಗೆ ಹೊಳೆದದ್ದು ಒಂದು ಗೋಣಿ ಬದನೆಕಾಯಿ ನೋಡಿದಾಗ.

ಮೊದಲು ಚರ್ಚೆಯ ವಿಷಯ ಹೇಳುತ್ತೇನೆ. ಬಡವ ಬಲ್ಲಿದ ಎಂದು ನೋಡದೆ, ಅರ್ಜಿ ಕೇಳದೆ, ಷರತ್ತು ಹಾಕದೆ, ಪ್ರತಿಯೊಬ್ಬರ ಖಾತೆಗೂ ಸರಕಾರ ತಿಂಗಳು ತಿಂಗಳು ಒಂದಿಷ್ಟು ದುಡ್ಡು ಹಾಕಬೇಕು ಎಂಬುದು ವಿಚಾರ. ಟಿವಿಯಲ್ಲಿ ಒಂದು ಪಕ್ಷದವರು ಇದು ಹಕ್ಕು ಎಂದರು. ಇನ್ನೊಂದು ಪಕ್ಷದವರು ಇದು ಬಿಟ್ಟಿ, ಜನ ಸೋಮಾರಿಗಳಾಗುತ್ತಾರೆ ಎಂದರು. ಆಮೇಲೆ ಇಬ್ಬರೂ ಒಟ್ಟಿಗೆ ಮಾತಾಡಿದ್ದರಿಂದ ಮುಂದಿನದು ಕೇಳಿಸಲಿಲ್ಲ.

ನನ್ನ ಹೆಂಡತಿ ಸುಜಾತಾಳ ಅಣ್ಣ, ಕಾರ್ಕಳದ ಭಾವ, ಎರಡನೆಯ ಪಕ್ಷ. ಕಾರ್ಯಕ್ರಮ ಮುಗಿಯುವ ಮೊದಲೇ ಫೋನ್ ಮಾಡಿದರು.

"ಎಂತ ಭಾವ, ಕೂತಲ್ಲಿಗೇ ಬಂದರೆ ನಾಳೆ ಕೆಲಸಕ್ಕೆ ಯಾರು ಹೋಗ್ತಾರೆ? ನೀವು ಹೋಗ್ತೀರಾ?"

"ಪುರಾವೆ ಉಂಟಾ?" ಎಂದೆ.

ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವ. ಮಳೆ ಬಂತು ಎಂದು ಯಾರಾದರೂ ಹೇಳಿದರೂ ಕಿಟಕಿಯಿಂದ ಕೈ ಚಾಚಿ ನೋಡುತ್ತೇನೆ. ಇತ್ತೀಚೆಗೆ ನನ್ನ ನೆನಪನ್ನೂ ಹೀಗೆಯೇ ನೋಡಿಕೊಳ್ಳುತ್ತೇನೆ. ಗ್ಯಾಸ್ ಆಫ್ ಮಾಡಿದ್ದು ನೆನಪಿದ್ದರೆ, ಅದು ನಿನ್ನೆ ಆಫ್ ಮಾಡಿದ ನೆನಪು ಯಾಕಾಗಿರಬಾರದು ಎಂದು ಪಡುಬಿದ್ರಿವರೆಗೆ ಹೋದವನು ವಾಪಸು ಬಂದದ್ದುಂಟು.

"ಪುರಾವೆ ನೀವೇ ಹುಡುಕಿ ಇಡಿ," ಎಂದರು ಭಾವ. "ಬರುವ ಆದಿತ್ಯವಾರ ಊಟಕ್ಕೆ ಬರ್ತೇನೆ. ಈ ಸಲವಾದರೂ ಗುಳ್ಳದ ಹುಳಿ ಸಿಗ್ತದಾ?"

ಹೋದ ವರ್ಷ ಅವರು ಬಂದಾಗ ಮಟ್ಟುಗುಳ್ಳದ ಕಾಲ ಮುಗಿದಿತ್ತು. ತಂಗಿಯ ಮನೆಯಲ್ಲಿ ಅಣ್ಣನಿಗೆ ಸೋರೆಕಾಯಿ ಬಡಿಸಿದರಂತೆ ಎಂಬ ಸುದ್ದಿ ಕಾರ್ಕಳದಲ್ಲಿ ಇನ್ನೂ ಓಡಾಡುತ್ತಿದೆ. ಆದ್ದರಿಂದ ಈ ಸಲದ ಊಟ ಸುಜಾತಾಳಿಗೆ ಮರ್ಯಾದೆಯ ಪ್ರಶ್ನೆ. ಅವಳ ಮಾತಿನಂತೆ ನಾನು ಮಟ್ಟುವಿಗೆ ಹೋಗಿ, ಅಲ್ಲಿ ಗುಳ್ಳ ಬೆಳೆಯುವ ನನ್ನ ಸ್ನೇಹಿತನಿಂದ ಒಂದು ಗೋಣಿ ತಂದೆ. ಹಸಿರು, ಗುಂಡಗೆ, ತೆಳು ಸಿಪ್ಪೆಯ ಬದನೆ. "ಇದು ಕೊನೆಯ ಕೊಯ್ಲು ಮಾರಾಯ. ಇನ್ನು ಮಳೆಗಾಲ ಕಳೆದ ಮೇಲೆಯೇ," ಎಂದ ಅವನು.

ಆದಿತ್ಯವಾರಕ್ಕೆ ಬೇಕಾದಷ್ಟನ್ನು ಸುಜಾತಾ ಒಂದು ಕೆಂಪು ಚೀಲಕ್ಕೆ ತುಂಬಿಸಿ ಅಡಿಗೆಮನೆಯ ಬಾಗಿಲ ಹಿಂದೆ ಇಟ್ಟಳು. "ಇದನ್ನು ಮುಟ್ಟಬೇಡಿ. ಉಳಿದದ್ದು ಎಂತ ಬೇಕಾದರೂ ಮಾಡಿ."

ಉಳಿದದ್ದನ್ನು ನಾನು ರಾಷ್ಟ್ರಕ್ಕೆ ಅರ್ಪಿಸಿದೆ! ಮಣಿಪಾಲದ ನನ್ನ ಕಚೇರಿಗೆ ರಜೆ ಹಾಕಿದೆ. ನಮ್ಮ ಕಟ್ಟಡದ ಪ್ರತಿ ಮನೆಗೂ ಒಂದೊಂದು ಬಟ್ಟೆಚೀಲ ಗುಳ್ಳ, ಷರತ್ತಿಲ್ಲದೆ. ತೆಗೆದುಕೊಂಡವರು ಸೋಮಾರಿಗಳಾಗುತ್ತಾರೋ ಇಲ್ಲವೋ ಎಂದು ನೋಡುವುದು. ಇಷ್ಟೇ ಪ್ರಯೋಗ.

"ಯಾರಿಗೆ ಕೊಟ್ಟೆ ಅಂತ ಬರೆದಿಟ್ಟುಕೊಳ್ಳಿ," ಎಂದಳು ಸುಜಾತಾ.

"ಎಲ್ಲರಿಗೂ ಕೊಡುವಾಗ ಬರೆಯುವುದು ಎಂತಕ್ಕೆ? ಪಟ್ಟಿ ಮಾಡಿದಲ್ಲಿಗೆ ಸಾರ್ವತ್ರಿಕ ಹೋಯಿತು."

"ನಿಮಗೆ ನೆನಪಿರ್ತದಾ?"

ಇದು ತಾತ್ವಿಕ ಪ್ರಶ್ನೆಯಲ್ಲ ಎಂದು ಬಿಟ್ಟುಬಿಟ್ಟೆ.

ಮೇಲಿನ ಮಹಡಿಯಲ್ಲಿ ಡಾಕ್ಟರರ ಹೆಂಡತಿ ಬಾಗಿಲು ತೆರೆದರು.

"ಎಂತ ವಿಶೇಷ?"

"ವಿಶೇಷ ಏನಿಲ್ಲ. ಸುಮ್ಮನೆ."

"ಸುಮ್ಮನೆಯಾ?" ಅವರು ಒಂದು ಗುಳ್ಳವನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ಹುಳ ಗಿಳ ಉಂಟಾ?"

"ಇಲ್ಲ."

"ಹಾಗಾದರೆ ಎಲೆಕ್ಷನ್ನಿಗೆ ನಿಲ್ತೀರಿ, ಅಲ್ವಾ?"

ಸಂಜೆಯೊಳಗೆ ನಾನು ಪುರಸಭೆಗೆ ನಿಲ್ಲುತ್ತೇನೆ ಎಂದು ಕೆಳಗಿನ ಮಹಡಿಯಲ್ಲೂ, ಲೋಕಸಭೆಗೆ ಎಂದು ಮೇಲಿನ ಮಹಡಿಯಲ್ಲೂ ತೀರ್ಮಾನವಾಗಿತ್ತು.

ಕತ್ತಲಾಗುವ ಮೊದಲೇ ಚೀಲಗಳು ವಾಪಸು ಬರತೊಡಗಿದವು. ನಾನು ಮರೆತಿದ್ದ ಸಂಗತಿ ಇದು. ನಮ್ಮ ಕಡೆ ಕೊಟ್ಟ ಪಾತ್ರೆಯಾಗಲಿ ಚೀಲವಾಗಲಿ ಯಾರೂ ಖಾಲಿ ಹಿಂದಿರುಗಿಸುವುದಿಲ್ಲ. ಒಂದರಲ್ಲಿ ಸೌತೆಕಾಯಿ, ಒಂದರಲ್ಲಿ ಜೀಗುಜ್ಜೆ. ಎದುರು ಮನೆಯ ಜೆಸಿಂತಾ ಬಾಯಿ ತಮ್ಮ ಬಾಲ್ಕನಿಯಲ್ಲಿ ಬೆಳೆದ ಬಸಳೆಯ ದೊಡ್ಡ ಕಟ್ಟನ್ನೇ ತಂದರು. ಹಿಂದೆ ಅವರ ಗಂಡ ಲೋಬೋ. ಬಹಳ ವರ್ಷ ಕುವೈತಿನಲ್ಲಿದ್ದು ಬಂದವರು, ಯಾವ ಮಾತಿಗೂ ಅವಸರ ಮಾಡುವುದಿಲ್ಲ.

"ಬೇಡ ಬಾಯಿ," ಎಂದೆ. "ಪ್ರತಿಯಾಗಿ ಏನಾದರೂ ತೆಗೆದುಕೊಂಡರೆ ಪ್ರಯೋಗ ಕೆಡುತ್ತದೆ. ಚೀಲ ಖಾಲಿಯೇ ಕೊಡಿ. ನನ್ನದು ಷರತ್ತಿಲ್ಲದ ಗುಳ್ಳ."

ಜೆಸಿಂತಾ ಬಾಯಿಯ ಮುಖ ಬಾಡಿತು. ಲೋಬೋ ಸ್ವಲ್ಪ ಯೋಚಿಸಿದರು.

"ಚೀಲ ಖಾಲಿಯೇ ಕೊಡಬೇಕು ಎನ್ನುವುದು ಷರತ್ತಲ್ವಾ ಮಾರಾಯ್ರೆ?"

ಅವರು ಬಸಳೆಯನ್ನು ನಮ್ಮ ಬಾಗಿಲ ಹಿಡಿಗೆ ಸಿಕ್ಕಿಸಿ ಹೋದರು.

ಮರುದಿನ ನನಗೆ ಸಂಶಯ ಶುರುವಾಯಿತು. ನೆಲಮಹಡಿಗೆ ಕೊಟ್ಟದ್ದು ನೆನಪಿತ್ತು. ಆದರೆ ಅದು ಕೊಟ್ಟ ನೆನಪೋ, ಕೊಡಬೇಕು ಎಂದುಕೊಂಡ ನೆನಪೋ? ಸಾರ್ವತ್ರಿಕ ಯೋಜನೆಯಲ್ಲಿ ಒಬ್ಬರು ಬಿಟ್ಟುಹೋಗುವುದಕ್ಕಿಂತ ಒಬ್ಬರಿಗೆ ಎರಡು ಸಲ ಹೋಗುವುದು ವಾಸಿ ಎಂದು ನೆಲಮಹಡಿಗೆ ಇನ್ನೊಮ್ಮೆ ಹಂಚಿದೆ. ಅವರು ಸಂತೋಷದಿಂದ ತೆಗೆದುಕೊಂಡರು. ಈಗಾಗಲೇ ಬಂದಿದೆ ಎಂದು ಒಬ್ಬರೂ ಹೇಳಲಿಲ್ಲ!

ಡಾಕ್ಟರರ ಹೆಂಡತಿ ಮಾತ್ರ ಇಳಿದು ಬಂದರು. "ಕೆಳಗಿನವರಿಗೆ ಎರಡು ಸಲ ಬಂತಂತೆ. ನಾವು ಎಂತ ತಪ್ಪು ಮಾಡಿದ್ದೇವೆ?"

ನ್ಯಾಯದ ಮಾತು. ಆದರೆ ಗೋಣಿ ಬರಿದಾಗಿತ್ತು. ಬಾಗಿಲ ಹಿಂದೆ ನೋಡಿದರೆ ಒಂದು ಕೆಂಪು ಚೀಲ, ಅದರ ಪಕ್ಕ ಒಂದು ಹಸಿರು ಚೀಲ. ಮುಟ್ಟಬೇಡಿ ಎಂದು ಸುಜಾತಾ ಹೇಳಿದ್ದು ಯಾವುದನ್ನು? ಕೆಂಪು ಎಂದೇ ನೆನಪಿತ್ತು. ಅಷ್ಟು ಸ್ಪಷ್ಟವಾಗಿ ನೆನಪಿದ್ದದ್ದೇ ನನಗೆ ಅನುಮಾನ ಹುಟ್ಟಿಸಿತು. ಹಸಿರು ಚೀಲದೊಳಗೆ ಎಂತ ಉಂಟು ಎಂದು ಬಿಚ್ಚಿ ನೋಡಬಹುದಿತ್ತು. ಆದರೆ ಮುಟ್ಟಬಾರದಲ್ಲ! ನಾನು ಹೆಂಡತಿಯ ಮಾತು ಮೀರುವವನಲ್ಲ.

ಕೆಂಪು ಚೀಲ ಮೇಲಿನ ಮಹಡಿಗೆ ಹೋಯಿತು.

ಆದಿತ್ಯವಾರ ಬೆಳಿಗ್ಗೆ ಸುಜಾತಾ ತೆಂಗಿನಕಾಯಿ ತುರಿದು, ಮಸಾಲೆ ಹುರಿದು, ಬಾಗಿಲ ಹಿಂದೆ ಕೈ ಹಾಕಿದಳು. ಹಸಿರು ಚೀಲದಲ್ಲಿ ಗುಜರಿಗೆ ಕೊಡಲು ಇಟ್ಟ ಹಳೆಯ ಚಪ್ಪಲಿಗಳಿದ್ದವು.

"ನಿಮಗೆ ಮಂಡೆ ಸಮ ಉಂಟಾ?"

ಆಮೇಲೆ ಅವಳು ಕುರ್ಚಿಯಲ್ಲಿ ಕೂತು ಸಣ್ಣ ದನಿಯಲ್ಲಿ, "ಈ ವರ್ಷವೂ ಸೋರೆಕಾಯಿ ಬಡಿಸಲಾ?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಉಡುಪಿಯ ತರಕಾರಿ ಅಂಗಡಿಗೆ ಫೋನ್ ಮಾಡಿದೆ. ಗುಳ್ಳ ಇಲ್ಲ. ಮಟ್ಟುವಿನ ಸ್ನೇಹಿತ ನಕ್ಕ. ಉಳಿದದ್ದು ಒಂದೇ ದಾರಿ. ಕೊಟ್ಟವನೇ ಕೇಳಲು ಹೊರಟೆ. ಮೇಲಿನ ಮಹಡಿಯ ಕೆಂಪು ಚೀಲ ಡಾಕ್ಟರರ ಅತ್ತೆಮನೆಗೆ ಹೋಗಿತ್ತು. ನೆಲಮಹಡಿಯ ಮನೆಗಳಿಗೆಲ್ಲ ಬೀಗ. ಕೊನೆಗೆ ಎದುರು ಮನೆಯ ಗಂಟೆ ಒತ್ತಿದೆ.

ಜೆಸಿಂತಾ ಬಾಯಿ ನನ್ನ ಕೈಯನ್ನೇ ನೋಡಿದರು. "ಖಾಲಿ ಚೀಲ ತಂದಿದ್ದೀರಾ?"

ತಲೆ ತಗ್ಗಿಸಿ ವಿಷಯ ಹೇಳಿದೆ. ಒಳಗಿನಿಂದ ಲೋಬೋ, "ಷರತ್ತು ಎಂತಾದರೂ ಉಂಟಾ ಕೇಳು," ಎಂದರು. ಜೆಸಿಂತಾ ಬಾಯಿ ಅವರನ್ನು ಗದರಿಸಿ, ಒಲೆಯಿಂದ ಆಗತಾನೇ ಇಳಿಸಿದ ಗುಳ್ಳದ ಸಾರಿನ ಅರ್ಧಕ್ಕಿಂತ ಹೆಚ್ಚನ್ನು ಸ್ಟೀಲ್ ಪಾತ್ರೆಗೆ ಬಗ್ಗಿಸಿ ಕೊಟ್ಟರು.

ಭಾವ ಉಂಡರು. ಎರಡನೆಯ ಸಲ ಹಾಕಿಸಿಕೊಂಡರು. "ಇದು ನಮ್ಮಮ್ಮನ ಕೈ ರುಚಿಯಲ್ಲ," ಎಂದರು. ಸುಜಾತಾ ಉಸಿರು ಹಿಡಿದಳು. "ಅದಕ್ಕಿಂತ ಒಂದು ತೂಕ ಹೆಚ್ಚು!" ಸುಜಾತಾ ಉಸಿರು ಬಿಟ್ಟಳು, ಸಾರು ಎಲ್ಲಿಯದೆಂದು ಹೇಳಲೂ ಇಲ್ಲ.

ಕೈ ತೊಳೆದು ಬಂದ ಭಾವ ಕೇಳಿದರು: "ಪ್ರಯೋಗ ಎಂತಾಯಿತು? ಬಿಟ್ಟಿ ಸಿಕ್ಕಿದ ಮೇಲೆ ಯಾರಾದರೂ ಕೆಲಸ ಬಿಟ್ಟು ಕೂತರಾ?"

ನಾನು ಗಂಟಲು ಸರಿಮಾಡಿಕೊಂಡೆ. ಡಾಕ್ಟರರು ಆಸ್ಪತ್ರೆಗೆ ಹೋಗಿದ್ದರು, ಜೆಸಿಂತಾ ಬಾಯಿ ಬಸಳೆಗೆ ನೀರು ಹಾಕಿದ್ದರು, ಎಲ್ಲರೂ ಅವರವರ ಕೆಲಸ ಮಾಡಿದ್ದರು. ಗೆದ್ದೆ ಎಂದು ಹೇಳಬೇಕೆನ್ನುವಷ್ಟರಲ್ಲಿ ಸುಜಾತಾ ನಡುವೆ ಬಾಯಿ ಹಾಕಿದಳು.

"ಒಬ್ಬರು ಬಿಟ್ಟಿದ್ದಾರೆ ಅಣ್ಣ. ಆಫೀಸಿಗೆ ರಜೆ ಹಾಕಿ ಇಡೀ ವಾರ ಮೆಟ್ಟಿಲು ಹತ್ತಿ ಇಳಿದದ್ದು ಬಿಟ್ಟರೆ ಬೇರೆ ಕೆಲಸ ಮಾಡಿಲ್ಲ."

ಭಾವ ಬಹಳ ಸಂತೋಷದಿಂದ ಕಾರ್ಕಳಕ್ಕೆ ಹೊರಟರು.

ಸಂಜೆ ಪಾತ್ರೆ ತೊಳೆದು ನಾನೇ ಹಿಂದಿರುಗಿಸಲು ಹೋದೆ. ಈ ಸಲ ಬುದ್ಧಿ ಬಂದಿತ್ತು. ಪಾತ್ರೆ ಖಾಲಿ ಕೊಡಬಾರದು. ಅಡಿಗೆಮನೆಯಲ್ಲಿ ಯಾರೋ ಕೊಟ್ಟದ್ದು ಒಂದಿಷ್ಟು ಇನ್ನೂ ಬಾಡದೆ ಉಳಿದಿತ್ತು. ಯಾರು ಕೊಟ್ಟದ್ದೆಂದು ನೆನಪು ಮಾಡಿಕೊಂಡೆ. ಡಾಕ್ಟರರ ಹೆಂಡತಿ ಎಂದು ಖಚಿತವಾಯಿತು. ಜೀವನದಲ್ಲಿ ಮೊದಲ ಬಾರಿ ನನ್ನ ನೆನಪನ್ನು ಸಂಶಯಪಡದೆ ಪಾತ್ರೆಯ ತುಂಬ ತುಂಬಿಸಿದೆ.

ಲೋಬೋ ಮುಚ್ಚಳ ತೆಗೆದು, ಒಳಗೆ ನೋಡಿ, ಅವಸರ ಮಾಡದೆ ಕೇಳಿದರು:

"ಇದು ನಮ್ಮದೇ ಬಸಳೆ ಅಲ್ವಾ ಮಾರಾಯ್ರೆ?"